ನರ್ಸಿನ ಪರವಾನಗಿ ಮಾರಾಟದ ಸರಕಲ್ಲ

ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರ ಮನೆಯ ಮಕ್ಕಳು ಇಂದು ನರ್ಸಿಂಗ್ ಓದಿ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವುದು ನಮಗೆಲ್ಲ ಹೆಮ್ಮೆಯ ಸಂಗತಿ. ಅವರಲ್ಲಿ ಹಲವರು ಹೊರದೇಶಗಳತ್ತ ಮುಖ ಮಾಡಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ನಾವು ಊರು ಬಿಟ್ಟು ಮುಂಬಯಿಗೆ ಬಂದುದೂ ಹೊಟ್ಟೆಪಾಡಿಗಾಗಿಯೇ. 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ರಚನೆಯಾದ ಸಮಿತಿಯು, ಸಣ್ಣ ಖಾಸಗಿ ಆಸ್ಪತ್ರೆಯಲ್ಲಿಯೂ ನರ್ಸಿನ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಕೂಡದೆಂದು ಹೇಳಿತು. ಹಾಗೆ ಹೇಳಬೇಕಾಗಿ ಬಂದುದೇ ಇಲ್ಲಿನ ಪರಿಸ್ಥಿತಿಗೆ ಸಾಕ್ಷಿ.

ಆದರೆ ಈ ದಾರಿಯಲ್ಲಿ ದಲ್ಲಾಳಿಗಳು ಅಂಗಡಿ ತೆರೆದು ಕುಳಿತಿದ್ದಾರೆ. "ಪರೀಕ್ಷೆಯ ಚಿಂತೆ ಬೇಡ, ಲೈಸೆನ್ಸು ನಾವು ಮಾಡಿಸಿ ಕೊಡುತ್ತೇವೆ" ಎನ್ನುವುದು ಅವರ ಮಂತ್ರ. ಅದನ್ನು ನಂಬಿದರೆ ತಂದೆಯ ಪ್ರಾವಿಡೆಂಟ್ ಫಂಡು, ಗಿರಣಿ ಮುಚ್ಚಿದಾಗ ಕೈಗೆ ಬಂದ ಪರಿಹಾರ, ಊರಿನ ಗದ್ದೆಯ ಪತ್ರ ಎಲ್ಲವೂ ಅವರ ಮೇಜಿಗೆ ಹೋಗುತ್ತವೆ. ಆದುದರಿಂದ ಒಂದು ಮಾತನ್ನು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ: ಯಾವ ದೇಶದ ನರ್ಸಿಂಗ್ ಪರವಾನಗಿಯೂ ಹಣಕ್ಕೆ ಸಿಕ್ಕುವಂಥದಲ್ಲ. ಪರೀಕ್ಷೆಗೆ ಕೂರಬೇಕಾದವಳು ನಮ್ಮ ಮಗಳೇ, ತೇರ್ಗಡೆಯಾಗಬೇಕಾದವಳೂ ಅವಳೇ.

ಇಂಗ್ಲೆಂಡಿನ ದಾರಿಯನ್ನು ನೋಡೋಣ. ಅಲ್ಲಿನ ನರ್ಸಿಂಗ್ ಮತ್ತು ಸೂಲಗಿತ್ತಿ ಪರಿಷತ್ತು ಮೊದಲು ಇಂಗ್ಲಿಷ್ ಜ್ಞಾನದ ಪುರಾವೆ ಕೇಳುತ್ತದೆ. ಐ.ಇ.ಎಲ್.ಟಿ.ಎಸ್. ಪರೀಕ್ಷೆಯಾದರೆ ಓದು, ಆಲಿಕೆ, ಮಾತುಗಳಲ್ಲಿ 7, ಬರವಣಿಗೆಯಲ್ಲಿ 6.5 ಅಂಕ ಬರಬೇಕು. ಅನಂತರ ವೃತ್ತಿಪರೀಕ್ಷೆ ಎರಡು ಭಾಗ. ಕಂಪ್ಯೂಟರಿನ ಮುಂದೆ ಕುಳಿತು ಬರೆಯುವ ಭಾಗವನ್ನು ನಮ್ಮ ದೇಶದಲ್ಲೇ ಮುಗಿಸಬಹುದು. ರೋಗಿಯ ಆರೈಕೆಯನ್ನು ಮಾಡಿ ತೋರಿಸುವ ಭಾಗವನ್ನು ಅಲ್ಲಿಗೆ ಹೋಗಿಯೇ ಎದುರಿಸಬೇಕು. 2024ರಲ್ಲಿ ಮೊದಲನೆಯದಕ್ಕೆ 83 ಪೌಂಡು, ಎರಡನೆಯದಕ್ಕೆ 794 ಪೌಂಡು ಶುಲ್ಕವಿತ್ತು. ಎರಡೂ ಸೇರಿ ಆಗಿನ ದರದಲ್ಲಿ ಲಕ್ಷ ರೂಪಾಯಿಯ ಒಳಗೇ. ನೇಮಕಾತಿಗಾಗಿ ನರ್ಸಿನಿಂದ ಏಜೆಂಟರು ಹಣ ಪಡೆಯಕೂಡದೆಂದು ಅಲ್ಲಿನ ಸರ್ಕಾರದ ನಿಯಮಾವಳಿಯೇ ಹೇಳುತ್ತದೆ. ಹಾಗಾದರೆ ಹತ್ತು ಹದಿನೈದು ಲಕ್ಷ ಕೇಳುವವನು ಯಾವುದಕ್ಕಾಗಿ ಕೇಳುತ್ತಾನೆ?

ಅಮೆರಿಕಕ್ಕೆ ಹೋಗುವವರು ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಜರ್ಮನಿಗೆ ಜರ್ಮನ್ ಭಾಷೆಯನ್ನೇ ಕಲಿಯಬೇಕು. ಕೊಲ್ಲಿ ರಾಷ್ಟ್ರಗಳಲ್ಲಿ ಪರೀಕ್ಷೆಯ ಜೊತೆಗೆ ಪ್ರಮಾಣಪತ್ರಗಳ ತನಿಖೆಯೂ ಉಂಟು. ಪತ್ರ ಕೊಟ್ಟ ಕಾಲೇಜನ್ನೂ ಆಸ್ಪತ್ರೆಯನ್ನೂ ಅವರು ನೇರವಾಗಿ ವಿಚಾರಿಸುತ್ತಾರೆ. ದಲ್ಲಾಳಿ ತಯಾರಿಸಿ ಕೊಟ್ಟ ಸುಳ್ಳು ಅನುಭವಪತ್ರ ಅಲ್ಲಿ ಸಿಕ್ಕಿಬಿದ್ದರೆ ಕಳಂಕ ತಗಲುವುದು ಮಗಳ ಹೆಸರಿಗೆ, ದಲ್ಲಾಳಿಗಲ್ಲ.

2015ರ ಕೊಚ್ಚಿಯ ಪ್ರಕರಣವನ್ನು ಮರೆಯಲಾಗದು. ಕುವೈತಿಗೆ ಹೋಗುವ ನರ್ಸುಗಳಿಂದ 19,500 ರೂಪಾಯಿ ಪಡೆಯಬೇಕಾದಲ್ಲಿ ಏಜೆಂಟರು ತಲೆಗೆ 19.5 ಲಕ್ಷ ರೂಪಾಯಿ ಸುಲಿದರೆಂದು ಸಿ.ಬಿ.ಐ. ಮೊಕದ್ದಮೆ ಹೂಡಿತು. ಅದೇ ವರ್ಷ ಕೇಂದ್ರ ಸರ್ಕಾರವು ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ನರ್ಸುಗಳ ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕೆಂದು ವಿಧಿಸಿತು. 1983ರ ವಲಸೆ ಕಾಯಿದೆಯ ನಿಯಮಗಳಿಗೆ 2017ರಲ್ಲಾದ ತಿದ್ದುಪಡಿಯು ನೋಂದಾಯಿತ ಏಜೆಂಟನ ಶುಲ್ಕಕ್ಕೆ 30,000 ರೂಪಾಯಿ ಮತ್ತು ತೆರಿಗೆಯ ಮಿತಿ ಹಾಕಿತು. ಈ ಅಂಕೆ ಪ್ರತಿಯೊಬ್ಬ ತಂದೆತಾಯಿಗೂ ಬಾಯಿಪಾಠವಾಗಿರಲಿ.

ಇನ್ನೊಂದು ಮೋಸವೂ ಇದೆ. ನರ್ಸಿನ ಕೆಲಸವೆಂದು ನಂಬಿಸಿ, ಇಂಗ್ಲೆಂಡಿನಲ್ಲಿ ವೃದ್ಧರ ಆರೈಕೆಯ ಸಹಾಯಕಿಯ ವೀಸಾ ಕೊಡಿಸುತ್ತಿದ್ದವರಿದ್ದರು. ಆ ಕೆಲಸ ಹೀನವೆಂದು ನಾವು ಹೇಳುವುದಿಲ್ಲ. ದುಡಿಮೆ ಯಾವುದೂ ಹೀನವಲ್ಲ. ಆದರೆ ಅದರಿಂದ ನರ್ಸಿನ ನೋಂದಣಿ ತಾನಾಗಿ ದೊರೆಯದು. 2025ರ ಜುಲೈ 22ರಿಂದ ಹೊರದೇಶದ ಹೊಸಬರಿಗೆ ಆ ಬಾಗಿಲೂ ಮುಚ್ಚಿದೆ. ಇನ್ನೂ ಅದರ ಹೆಸರಿನಲ್ಲಿ ಮುಂಗಡ ಕೇಳುವವರನ್ನು ಹೊಸ್ತಿಲು ದಾಟಲು ಬಿಡಬಾರದು.

ದೋಷವೆಲ್ಲ ದಲ್ಲಾಳಿಯದೇ ಅಲ್ಲ. ಮಂಗಳೂರಿನಲ್ಲಿ ಓದಿ, ಬೆಂಗಳೂರಿನಲ್ಲಿರುವ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಿ, ಮುಂಬಯಿಯಲ್ಲಿ ದುಡಿಯುವ ಹುಡುಗಿಗೆ ಒಂದು ದೃಢೀಕರಣಪತ್ರಕ್ಕಾಗಿ ರಜೆ ಹಾಕಿ ಓಡಾಡುವುದು ಸುಲಭವಲ್ಲ. ಕಛೇರಿಯ ಬಾಗಿಲಲ್ಲಿ ಕಾಯುವವರಿದ್ದಲ್ಲಿ ದಲ್ಲಾಳಿ ಹುಟ್ಟುತ್ತಾನೆ. ರಾಜ್ಯ ಪರಿಷತ್ತುಗಳು ಇಂತಹ ಅರ್ಜಿಗಳನ್ನು ಇಷ್ಟು ದಿನದೊಳಗೆ ತೀರಿಸುತ್ತೇವೆಂದು ಗಡುವು ಹಾಕಿಕೊಂಡು ಅದರಂತೆ ನಡೆಯಬೇಕೆಂಬುದು ನಮ್ಮ ಒತ್ತಾಯ.

ನಮ್ಮ ಸಂಘಕ್ಕೂ ಇಲ್ಲಿ ಕರ್ತವ್ಯವಿದೆ. ಸಂಜೆ ಖಾಲಿಯಿರುವ ಕೋಣೆಯಲ್ಲಿ ಇಂಗ್ಲಿಷ್ ತರಗತಿ ನಡೆಯಲಿ. ಹೊರದೇಶದಲ್ಲಿ ನೋಂದಣಿ ಪಡೆದು ರಜೆಗೆ ಬಂದ ನರ್ಸುಗಳು ಒಂದು ಗಂಟೆ ಕುಳಿತು ಕಿರಿಯರಿಗೆ ದಾರಿ ಹೇಳಲಿ. ಏಜೆಂಟನ ನೋಂದಣಿ ಸಂಖ್ಯೆಯನ್ನು ಸರ್ಕಾರದ ಪಟ್ಟಿಯಲ್ಲಿ ಹುಡುಕಿ ನೋಡಲು ಓದುಬಲ್ಲ ಸದಸ್ಯರು ನೆರವಾಗಲಿ.

ಬಾಂಧವರೇ, ರಸೀದಿಯಿಲ್ಲದೆ ಹಣ ಕೊಡಬೇಡಿ. ಮೂಲ ಪ್ರಮಾಣಪತ್ರಗಳನ್ನು ಪರರ ಕೈಯಲ್ಲಿ ಬಿಡಬೇಡಿ. ಗದ್ದೆಯ ಪತ್ರ ಅಡವಿಡುವ ಮುನ್ನ ಸಂಘದ ಕಛೇರಿಗೆ ಒಮ್ಮೆ ಬನ್ನಿ. ಮಗಳ ಓದಿಗೆ ಹಾಕಿದ ಹಣ ಎಂದೂ ಹಾಳಲ್ಲ. ದಲ್ಲಾಳಿಯ ಮೇಜಿನ ಮೇಲಿಟ್ಟ ಹಣ ತಿರುಗಿ ಬರುವುದಿಲ್ಲ.