ಪರದೆಯ ಆಚೆಗೂ ಅದೇ ಗಾಳಿ

ಮಗಳು ಜರ್ಮನಿಯಲ್ಲಿ ಇಂಜಿನಿಯರು. ಅಪ್ಪ, ಅಮ್ಮ ಊರಿನಲ್ಲಿ. ಆ ಊರು ಚನ್ನಗಿರಿಯ ಅಡಿಕೆ ಸೀಮೆಯಲ್ಲಿರಬಹುದು, ಹೊನ್ನಾಳಿಯ ಹೊಳೆಸಾಲಿನಲ್ಲಿರಬಹುದು, ನ್ಯಾಮತಿಯ ಕಡೆಯದಾಗಿರಬಹುದು, ಮಳೆಗಾಗಿ ಮುಗಿಲು ನೋಡುವ ಜಗಳೂರಿನದೇ ಆಗಿರಬಹುದು. ಬಾಣಂತನಕ್ಕೆ ಅಮ್ಮ ಹೋಗಲೇಬೇಕು, ಅಮ್ಮನ ಜೊತೆಗೆ ಅಪ್ಪ. ಒಂದು ಭಾನುವಾರ ಫೋನು ಬರುತ್ತದೆ.

“ಅಪ್ಪಾಜಿ, ಅಮ್ಮನ ಮಂಡಿನೋವು ನೆನೆಸಿಕೊಂಡರೆ ಭಯ ಆಗುತ್ತೆ. ಇಬ್ಬರಿಗೂ ಬಿಸಿನೆಸ್ ಕ್ಲಾಸಿನಲ್ಲೇ ಟಿಕೆಟ್ ಮಾಡಿಸ್ತೀನಿ.”

“ಎಷ್ಟಾಗುತ್ತವ್ವಾ?”

ಮಗಳು ಹೇಳಿದ ಮೊತ್ತ ಕೇಳಿ ಅಪ್ಪ ಒಂದು ಗಳಿಗೆ ಸುಮ್ಮನಾಗುತ್ತಾರೆ. “ಆ ದುಡ್ಡಿಗೆ ಇನ್ನೊಂದು ಬೋರು ಕೊರೆಸಬಹುದಲ್ಲವ್ವಾ!”

ಮಕ್ಕಳು ದೂರದೇಶಕ್ಕೆ ಹೋದ ಮನೆಗಳಲ್ಲಿ ಈಗ ಇದು ಅಪರೂಪದ ಮಾತಲ್ಲ. ಮಗಳ ಕಾಳಜಿಯೂ ನಿಜ, ಅಪ್ಪನ ಲೆಕ್ಕವೂ ನಿಜ. ಆದರೆ ವಿಮಾನದ ನಡುವೆ ಇಳಿಬಿಟ್ಟ ಆ ಪರದೆಯ ಆಚೆಗೆ ಹೋಗಲು ಅಷ್ಟು ದುಡ್ಡು ಕೊಟ್ಟರೆ ಸಿಗುವುದೇನು, ಎಷ್ಟು ಕೊಟ್ಟರೂ ಸಿಗದಿರುವುದೇನು ಎಂಬುದನ್ನು ಇಬ್ಬರೂ ಯೋಚಿಸಿರುವುದಿಲ್ಲ. ಇದು ವಿಜ್ಞಾನದ ಪಾಠವೂ ಹೌದು, ಗಣಿತದ ಪಾಠವೂ ಹೌದು.

ಮೊದಲು ಗಾಳಿಯ ವಿಚಾರ. ದೂರಪ್ರಯಾಣದ ಜೆಟ್ ವಿಮಾನಗಳು ನೆಲದಿಂದ ಹತ್ತು ಹನ್ನೆರಡು ಕಿಲೋಮೀಟರ್ ಮೇಲೆ ಹಾರುತ್ತವೆ. ಅಲ್ಲಿ ಹೊರಗಿನ ಉಷ್ಣತೆ ಸೊನ್ನೆಗಿಂತ ಐವತ್ತು ಡಿಗ್ರಿಯಷ್ಟು ಕೆಳಗೆ. ವಾಯುವಿನ ಒತ್ತಡ ಸಮುದ್ರಮಟ್ಟದ ಒತ್ತಡದ ಕಾಲುಭಾಗದ ಆಸುಪಾಸು. ಆ ಗಾಳಿಯಲ್ಲಿ ಮನುಷ್ಯ ಬದುಕಲಾರ. ಆದ್ದರಿಂದ ಒಳಗೆ ಗಾಳಿ ತುಂಬಿ ಒತ್ತಡ ಹೆಚ್ಚಿಸುತ್ತಾರೆ. ಆದರೆ ನೆಲದ ಮೇಲಿರುವಷ್ಟು ಒತ್ತಡವನ್ನು ಒಳಗೆ ಇಡುವುದಿಲ್ಲ. ಹಾಗೆ ಇಡಬೇಕಾದರೆ ವಿಮಾನದ ಒಡಲು ಇನ್ನೂ ಗಟ್ಟಿಯಾಗಬೇಕು, ಗಟ್ಟಿಯಾದರೆ ಭಾರವಾಗುತ್ತದೆ. 8,000 ಅಡಿ, ಅಂದರೆ ಸುಮಾರು 2,440 ಮೀಟರ್ ಎತ್ತರದಲ್ಲಿ ಇರುವಷ್ಟು ಒತ್ತಡಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳುತ್ತಾರೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಲಕ್ಷಗಟ್ಟಲೆ ಕೊಟ್ಟು ಮಲಗಿದವರೂ, ಹಿಂದೆ ಮೊಣಕಾಲು ಮಡಚಿ ಕುಳಿತವರೂ ಮುಳ್ಳಯ್ಯನಗಿರಿಗಿಂತ ಎತ್ತರದ ಒಂದೇ ಬೆಟ್ಟದ ಗಾಳಿಯನ್ನು ಉಸಿರಾಡುತ್ತಾರೆ. ಪರದೆ ಬಟ್ಟೆಯದು, ಒತ್ತಡಕ್ಕೆ ಅದು ಅಡ್ಡಿಯಲ್ಲ.

ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ವಿಮಾನ ಮೇಲೆ ಹಾರುತ್ತಿರುವಾಗ ಕುಡಿದು ಬರಿದಾದ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿಡಿ. ಬೆಂಗಳೂರಿನಲ್ಲಿ ಇಳಿಯುವ ಹೊತ್ತಿಗೆ ಅದು ಅಪ್ಪಚ್ಚಿಯಾಗಿರುತ್ತದೆ. ಬಾಯ್ಲ್ ನಿಯಮ ಹಾಕಿ ನೋಡಿದರೆ ಒಳಗಿನ ಗಾಳಿಯ ಗಾತ್ರ ಸುಮಾರು ಆರನೇ ಒಂದು ಭಾಗ ಕುಗ್ಗಬೇಕು. ಹತ್ತನೇ ತರಗತಿಯವರು ಲೆಕ್ಕ ಮಾಡಿ ತಾಳೆ ನೋಡಬಹುದು.

ಇಲ್ಲೊಂದು ಗಮನಿಸಬೇಕಾದ ಅಂಶವಿದೆ. ಬೋಯಿಂಗ್ 787 ಮತ್ತು ಏರ್‌ಬಸ್ ಎ350 ವಿಮಾನಗಳ ಒಡಲಿನಲ್ಲಿ ಇಂಗಾಲದ ಎಳೆಗಳ ಸಂಯುಕ್ತ ವಸ್ತುವನ್ನು ಹೆಚ್ಚಾಗಿ ಬಳಸಿದ್ದಾರೆ. ಅದು ಹಗುರ, ಗಟ್ಟಿ, ತುಕ್ಕು ಹಿಡಿಯುವುದಿಲ್ಲ. ಹಾಗಾಗಿ ಅವುಗಳಲ್ಲಿ ಒಳಗಿನ ಒತ್ತಡವನ್ನು 6,000 ಅಡಿಯ ಮಟ್ಟದಲ್ಲಿ, ಅಂದರೆ ಮುಳ್ಳಯ್ಯನಗಿರಿಗಿಂತ ಕೊಂಚ ಕೆಳಗೇ ಇಡಬಹುದು. ತಲೆಭಾರ, ಸುಸ್ತು ಕಡಿಮೆಯಾಗಲು ಇದು ನೆರವಾಗುತ್ತದೆ, ಅದೂ ಹಿಂದೆ ಕುಳಿತವರಿಗೂ ಸಮನಾಗಿ. ಯಾವ ಕ್ಲಾಸು ಎಂದು ಕೇಳುವ ಮೊದಲು ಯಾವ ವಿಮಾನ ಎಂದು ಕೇಳುವವರು ಬಹಳ ಕಡಿಮೆ. ಕೇಳಿದರೆ ದುಡ್ಡೇನೂ ಖರ್ಚಾಗುವುದಿಲ್ಲ.

ಇನ್ನು ತೇವ. ಅಷ್ಟು ಎತ್ತರದ ಚಳಿಗಾಳಿಯಲ್ಲಿ ನೀರಾವಿ ಇಲ್ಲವೆಂದೇ ಹೇಳಬೇಕು. ಅದನ್ನೇ ಒಳಗೆ ತಂದು ಬಿಸಿ ಮಾಡಿದಾಗ ಸಾಪೇಕ್ಷ ಆರ್ದ್ರತೆ ಶೇಕಡಾ 10ರಿಂದ 20ಕ್ಕೆ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನದ ಜಗಳೂರಿನ ಹೊಲದಲ್ಲಿ ನಿಂತವರಿಗೆ ಒಣಗಾಳಿ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಳಗಿರುವ ಅಲ್ಪಸ್ವಲ್ಪ ತೇವಕ್ಕೆ ಮುಖ್ಯ ಮೂಲ ಪ್ರಯಾಣಿಕರ ಉಸಿರು ಮತ್ತು ಚರ್ಮ. ಮುಂಭಾಗದಲ್ಲಿ ಜನ ಕಡಿಮೆ, ಜಾಗ ಹೆಚ್ಚು. ಹಾಗಾಗಿ ದುಬಾರಿ ಕೋಣೆಯ ಗಾಳಿಯೇ ಹೆಚ್ಚು ಒಣ! ದುಡ್ಡು ಕೊಟ್ಟವರ ತುಟಿ ಮೊದಲು ಒಡೆಯುತ್ತದೆ ಎಂದು ತಮಾಷೆಗೆ ಹೇಳಬಹುದು.

ಒಣಗಾಳಿ, ಕಡಿಮೆ ಒತ್ತಡ, ಇಂಜಿನ್ನಿನ ಸದ್ದು ಇವು ಮೂರೂ ಸೇರಿ ನಾಲಿಗೆಯನ್ನು ಮಂಕು ಮಾಡುತ್ತವೆ. ಜರ್ಮನಿಯ ಲುಫ್ತಾನ್ಸಾ ಸಂಸ್ಥೆಗಾಗಿ ಅಲ್ಲಿನ ಫ್ರೌನ್‌ಹೋಫರ್ ಸಂಸ್ಥೆಯವರು 2010ರ ಸುಮಾರಿನಲ್ಲಿ ವಿಮಾನದ ಒಡಲನ್ನೇ ಕಡಿಮೆ ಒತ್ತಡದ ಕೊಳವೆಯಲ್ಲಿಟ್ಟು ಪರೀಕ್ಷೆ ನಡೆಸಿದರು. ಉಪ್ಪು ಮತ್ತು ಸಕ್ಕರೆಯ ರುಚಿ ನಾಲಿಗೆಗೆ ಮಂದವಾಗಿ ತಾಗುತ್ತಿತ್ತು. ನೆಲದ ಮೇಲೆ ಅಷ್ಟಾಗಿ ಹಿಡಿಸದ ಟೊಮೆಟೊ ರಸ ಮೇಲೆ ಹೋದಾಗ ರುಚಿಯೆನಿಸುತ್ತಿತ್ತು. ಪಿಂಗಾಣಿ ತಟ್ಟೆಯಲ್ಲಿ ಬಡಿಸಿದರೂ ಹಾಳೆಯ ಡಬ್ಬಿಯಲ್ಲಿ ಕೊಟ್ಟರೂ ನಾಲಿಗೆಯ ಮಂಕುತನ ಅಷ್ಟೇ. ಬಿಸಿ ಟೊಮೆಟೊ ಸಾರು ಕೊಡುವ ಯೋಚನೆ ಯಾರಿಗಾದರೂ ಬಂದಿದ್ದರೆ ಚೆನ್ನಾಗಿತ್ತು.

ಹಾಗಾದರೆ ಅಷ್ಟೊಂದು ದುಡ್ಡಿಗೆ ಸಿಗುವುದೇನು? ಜಾಗ. ಎಕಾನಮಿಯಲ್ಲಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಸಾಮಾನ್ಯವಾಗಿ 31 ಅಂಗುಲ, ಸೀಟಿನ ಅಗಲ 18 ಅಂಗುಲ. ಗುಣಿಸಿದರೆ 558 ಚದರ ಅಂಗುಲ; ನಾಲ್ಕು ಚದರ ಅಡಿಗೂ ಸ್ವಲ್ಪ ಕಡಿಮೆ. ಬಿಸಿನೆಸ್ ಕ್ಲಾಸಿನ ಪೂರ್ತಿ ಮಲಗುವ ಸೀಟು 78 ಅಂಗುಲ ಉದ್ದ, 22 ಅಂಗುಲ ಅಗಲ ಎಂದಿಟ್ಟುಕೊಂಡರೆ ಹತ್ತಿರ ಹತ್ತಿರ ಹನ್ನೆರಡು ಚದರ ಅಡಿ. ಮೂರು ಪಟ್ಟು. ಟಿಕೆಟ್ ದರವೂ ಮೂರು ನಾಲ್ಕು ಪಟ್ಟು ಇರುವುದು ಕಾಕತಾಳೀಯವಲ್ಲ. ಅದು ಆಕಾಶದಲ್ಲಿ ಚದರ ಅಡಿಗೆ ಕೊಡುವ ಬಾಡಿಗೆ. ಉರಿಯುವ ಇಂಧನದಲ್ಲಿ ಒಬ್ಬೊಬ್ಬರ ಪಾಲು ಎಷ್ಟೆಂದು ಹಂಚಿದರೂ ಇದೇ ಲೆಕ್ಕ ಬರುತ್ತದೆ.

ಈ ಜಾಗವನ್ನು ಎಲ್ಲ ಸಂಸ್ಥೆಗಳೂ ಒಂದೇ ರೀತಿ ಕೊಡುವುದಿಲ್ಲ. ಹೋಲಿಕೆ ಮಾಡಬೇಕಾದದ್ದು ಇಲ್ಲಿ. ಕತಾರ್ ಏರ್‌ವೇಸ್ 2017ರಲ್ಲಿ ಬಾಗಿಲಿರುವ ಪುಟ್ಟ ಕೋಣೆಗಳಂಥ ಬಿಸಿನೆಸ್ ಸೀಟುಗಳನ್ನು ತಂದಿತು. ಸಾಲಿಗೆ ನಾಲ್ಕೇ ಸೀಟು. ಪ್ರತಿಯೊಬ್ಬರಿಗೂ ಎದ್ದು ಹೋಗಲು ನೇರ ದಾರಿ. ಬ್ರಿಟಿಷ್ ಏರ್‌ವೇಸ್‌ನ ಹಳೆಯ ವಿನ್ಯಾಸದಲ್ಲಿ ಕಿಟಕಿ ಬದಿಯವರು ರಾತ್ರಿ ಎದ್ದರೆ ಪಕ್ಕದವರ ಚಾಚಿದ ಕಾಲು ದಾಟಬೇಕಿತ್ತು. 2019ರಿಂದ ಬಾಗಿಲಿನ ಹೊಸ ಸೀಟು ಬರತೊಡಗಿತು. ಎಮಿರೇಟ್ಸ್‌ನ ಎರಡಂತಸ್ತಿನ ಎ380 ವಿಮಾನದ ಮೇಲಂತಸ್ತಿನಲ್ಲಿ ಪ್ರಥಮ ದರ್ಜೆಯವರಿಗೆ ಸ್ನಾನದ ಕೋಣೆಯೇ ಇದೆ, ಒಬ್ಬರಿಗೆ ಐದು ನಿಮಿಷದ ನೀರು. ಒಂದೊಂದು ಲೀಟರ್ ನೀರೂ ಒಂದೊಂದು ಕಿಲೋ ತಾನೆ. ಅದನ್ನು ಹತ್ತು ಹನ್ನೆರಡು ಕಿಲೋಮೀಟರ್ ಎತ್ತಿ ಒಯ್ಯಬೇಕು. ಈ ವಿಮಾನ ಬೆಂಗಳೂರಿಗೆ ಬಂದದ್ದು 2022ರ ಅಕ್ಟೋಬರಿನಲ್ಲಿ. ಅದೇ ಎಮಿರೇಟ್ಸ್‌ನ ಹಳೆಯ ವಿನ್ಯಾಸದ 777ರಲ್ಲಿ ಬಿಸಿನೆಸ್ ಸಾಲಿಗೆ ಏಳು ಸೀಟು, ನಡುವೆ ಸಿಕ್ಕಿಕೊಂಡವರು ಎಡಬಲದವರನ್ನು ಎಬ್ಬಿಸಬೇಕು. 2024ರಿಂದ ಅವನ್ನು ಬದಲಿಸುವ ಕೆಲಸ ಶುರುವಾಯಿತು. ಏರ್ ಇಂಡಿಯಾದ ಹಳೆಯ 777ಗಳಲ್ಲೂ ಏಳರ ಸಾಲೇ ಇತ್ತು. ಅದರ ಹೊಸ ಎ350ರಲ್ಲಿ ಬಿಸಿನೆಸ್‌ಗೆ ಬಾಗಿಲಿರುವ 28 ಕೋಣೆ, ಹಿಂದೆ ಎಕಾನಮಿಗೆ 264 ಸೀಟು. 2024ರ ಜನವರಿ 22ರಂದು ಅದರ ಮೊದಲ ಪ್ರಯಾಣ ಬೆಂಗಳೂರಿನಿಂದ ಮುಂಬೈಗೆ ನಡೆಯಿತು. ಹೀಗೆ ಒಂದೇ ಸಂಸ್ಥೆ, ಒಂದೇ ಹೆಸರಿನ ಟಿಕೆಟ್, ಆದರೆ ಸಿಗುವ ವಸ್ತು ಬೇರೆ. ಮಂಡಿ ನೋವಿನ ಅಮ್ಮನಿಗೆ ಪೂರ್ತಿ ಚಪ್ಪಟೆಯಾಗುವ ಹಾಸಿಗೆ ಬೇರೆ, ಜಾರುಬಂಡೆಯಂತೆ ಓರೆಯಾಗಿ ನಿಲ್ಲುವ ಸೀಟು ಬೇರೆ. ಟಿಕೆಟ್ ಕೊಳ್ಳುವಾಗ ಆಸನಗಳ ನಕ್ಷೆ ನೋಡಿದರೆ ಸಾಲಿಗೆಷ್ಟು ಸೀಟು ಎಂಬುದು ಗೊತ್ತಾಗುತ್ತದೆ.

ಕರ್ನಾಟಕದ್ದೇ ಆದ ಒಂದು ಕಥೆಯೂ ಇದರಲ್ಲಿದೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹಾರಿಸಿದರು. ಊಟವಿಲ್ಲ, ಬೇಕಾದವರು ಕೊಂಡುಕೊಳ್ಳಬೇಕು. ಒಂದು ರೂಪಾಯಿಯ ಟಿಕೆಟ್ಟಿನ ಸುದ್ದಿ ಹಳ್ಳಿಹಳ್ಳಿಗೂ ಮುಟ್ಟಿತು. ಎರಡೇ ವರ್ಷಕ್ಕೆ, 2005ರ ಮೇ ತಿಂಗಳಲ್ಲಿ, ಅದೇ ಬೆಂಗಳೂರಿನಿಂದ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಬಂತು. ಸೀಟಿಗೊಂದು ಟೀವಿ, ಬಿಸಿ ಊಟ, ಆದರೋಪಚಾರ. 2008ರಲ್ಲಿ ಎರಡೂ ಒಂದಾದವು. 2012ರ ಅಕ್ಟೋಬರಿನಲ್ಲಿ ಸಾಲದ ಹೊರೆಯಡಿ ಹಾರಾಟವೇ ನಿಂತಿತು. ಆ ಹೊತ್ತಿಗೆ ನೌಕರರು ತಿಂಗಳುಗಟ್ಟಲೆ ಸಂಬಳ ಕಾಣದೆ ಬೀದಿಗಿಳಿದಿದ್ದರು. ಊಟ ಬಡಿಸಿದವರ ಮನೆಯ ಒಲೆಯ ಗತಿ ಏನಾಯಿತೆಂದು ಸೇವೆಯನ್ನು ಹೊಗಳಿದವರು ಕೇಳಿದ್ದು ಕಡಿಮೆ.

ನ್ಯಾಮತಿ, ಹೊನ್ನಾಳಿಯವರಿಗೆ ಹತ್ತಿರದ ವಿಮಾನ ನಿಲ್ದಾಣ ಶಿವಮೊಗ್ಗದ ಸೋಗಾನೆಯದು. ಕುವೆಂಪು ಅವರ ಹೆಸರಿನ ಈ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಆಗಸ್ಟ್ 31ರಂದು ಬೆಂಗಳೂರಿನಿಂದ ಇಂಡಿಗೋದ ಎಟಿಆರ್ ಬಂದಿಳಿದು ಸಂಚಾರ ಆರಂಭವಾಯಿತು. ಪ್ರೊಪೆಲ್ಲರಿನ ಆ ಪುಟ್ಟ ವಿಮಾನದಲ್ಲಿ 78 ಸೀಟು, ಆಚೆ ಎರಡು ಈಚೆ ಎರಡು. ಪರದೆಯೇ ಇಲ್ಲ. ಶಾಸಕರೂ ಅಡಿಕೆ ವ್ಯಾಪಾರಿಯೂ ಮೊದಲ ಸಲ ಹತ್ತಿದ ಅಜ್ಜಿಯೂ ಒಂದೇ ಸಾಲು.

ಲಾಂಜ್ ಎಂಬ ವಿಶ್ರಾಂತಿ ಕೋಣೆಯ ಮಾತು ಉಳಿಯಿತು. 1939ರಲ್ಲಿ ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಲ್ಲಿ ಅಮೆರಿಕನ್ ಏರ್‌ಲೈನ್ಸ್ ತೆರೆದ ಕೋಣೆಯೇ ಇವುಗಳಿಗೆಲ್ಲ ಹಿರಿಯಣ್ಣ. ಆಗ ಆಹ್ವಾನಿತರಿಗೆ ಮಾತ್ರ ಪ್ರವೇಶ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಲಾಂಜಿಗೆ ಊರಿನ ಎಸ್‌ಟಿಡಿ ಸಂಕೇತವಾದ 080 ಎಂಬುದೇ ಹೆಸರು. ಮೆತ್ತನೆ ಕುರ್ಚಿ, ಊಟ ತಿಂಡಿ, ಫೋನಿಗೆ ವಿದ್ಯುತ್. ದೊಡ್ಡ ರೈಲು ನಿಲ್ದಾಣಗಳ ಮೇಲ್ದರ್ಜೆಯ ನಿರೀಕ್ಷಣಾ ಕೊಠಡಿ ಸ್ವಲ್ಪ ಸಿಂಗರಿಸಿಕೊಂಡು ನಿಂತಂತೆ. ಬಿಸಿನೆಸ್ ಟಿಕೆಟ್ ಇಲ್ಲದಿದ್ದರೂ ಕೆಲವು ಬ್ಯಾಂಕ್ ಕಾರ್ಡುಗಳನ್ನು ತೋರಿಸಿ ಒಳಗೆ ಹೋಗಬಹುದು. ಹಾಗೆಂದೇ ಈಗ ಲಾಂಜಿನ ಬಾಗಿಲಲ್ಲೇ ಸಾಲು ಬೆಳೆಯುವುದುಂಟು. ನೆಮ್ಮದಿಯಾಗಿ ಕೂರಲು ನಿಂತು ಕಾಯಬೇಕು! ಆ ಊಟ ಪುಕ್ಕಟೆ ಎಂದು ಕಾಲೇಜು ಸೇರಿದ ಹುಡುಗರು ನಂಬಬಾರದು. ಒಳಹೋದ ಒಬ್ಬೊಬ್ಬರಿಗೂ ಬ್ಯಾಂಕು ಲಾಂಜಿನವರಿಗೆ ಹಣ ಕೊಡುತ್ತದೆ, ಕಾರ್ಡಿನ ವಾರ್ಷಿಕ ಶುಲ್ಕದಲ್ಲೋ ಬಾಕಿಯ ಮೇಲಿನ ಬಡ್ಡಿಯಲ್ಲೋ ಅದನ್ನು ಮರಳಿ ಪಡೆಯುತ್ತದೆ. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಅಲ್ಲಿನ ಎರಡನೇ ಟರ್ಮಿನಲ್‌ನ ಬಿದಿರಿನ ಚಾವಣಿಗೆ, ಗಿಡಮರಗಳಿಗೆ ಮಾತ್ರ ಕಾರ್ಡು ಬೇಕಿಲ್ಲ. ಅದು ಎಲ್ಲರಿಗೂ.

ಮತ್ತೆ ಅಮ್ಮನ ಕಾಲಿನ ಚಿಂತೆಗೆ ಬಂದರೆ, ಬಹಳ ಹೊತ್ತು ಅಲುಗಾಡದೆ ಕುಳಿತರೆ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿಯಂತೆ ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಈ ಅಪಾಯ ಇಮ್ಮಡಿಯಾಗುತ್ತದೆ. ಆದರೂ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ. ಇದಕ್ಕೆ ಎಕಾನಮಿ ಕ್ಲಾಸಿನ ಕಾಯಿಲೆ ಎಂಬ ಹೆಸರು ಬಿದ್ದಿತ್ತು, ಅದು ತಪ್ಪು. ಬಿಸಿನೆಸ್‌ನವರಿಗೂ ಬರುತ್ತದೆ, ದೂರದ ಬಸ್ಸಿನಲ್ಲಿ ಕುಳಿತವರಿಗೂ ಬರುತ್ತದೆ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದು, ಕೂತಲ್ಲೇ ಪಾದ ಆಡಿಸುವುದು, ಆಗಾಗ ನೀರು ಕುಡಿಯುವುದು ಇವಕ್ಕೆ ಯಾವ ಕ್ಲಾಸೂ ಬೇಡ. ಈಚೆಗೆ ಶಸ್ತ್ರಚಿಕಿತ್ಸೆ ಆದವರು, ಹಿಂದೆ ಹೀಗೆ ಹೆಪ್ಪುಗಟ್ಟಿದವರು ವೈದ್ಯರನ್ನು ಕೇಳಿಯೇ ಹೊರಡಬೇಕು. ದೊಡ್ಡ ಸಂಸ್ಥೆಗಳು ನಡೆಯಲಾಗದವರಿಗೆ ಗಾಲಿಕುರ್ಚಿಯ ನೆರವನ್ನು ಎಕಾನಮಿಯಲ್ಲೂ ಉಚಿತವಾಗಿ ಕೊಡುತ್ತವೆ; ಟಿಕೆಟ್ ಮಾಡಿಸುವಾಗಲೇ ಹೇಳಿರಬೇಕು. ಇಂಗ್ಲಿಷ್ ಬಾರದ ಹಿರಿಯರಿಗೆ ಆ ಕುರ್ಚಿ ತಳ್ಳುವವರೇ ದಾರಿ ತೋರುವವರೂ ಆಗುತ್ತಾರೆ. ಸಸ್ಯಾಹಾರವನ್ನೂ ಒಂದೆರಡು ದಿನ ಮೊದಲೇ ತಿಳಿಸಬೇಕು.

ಫೋನಿನಲ್ಲಿ ಇಷ್ಟೆಲ್ಲ ಮಾತಾದ ಮೇಲೆ ಅಪ್ಪ ಮಗಳು ಒಂದು ಒಪ್ಪಂದಕ್ಕೆ ಬರಬಹುದು: ಎಲ್ಲೂ ವಿಮಾನ ಬದಲಿಸದೆ ಫ್ರಾಂಕ್‌ಫರ್ಟ್‌ಗೆ ನೇರ ಪ್ರಯಾಣ, ಸುಮಾರು ಹತ್ತು ಗಂಟೆ, ಅಮ್ಮನಿಗೆ ಬಿಸಿನೆಸ್, ಅಪ್ಪನಿಗೆ ಹಿಂದೆ ಓಡಾಡುವ ದಾರಿಯ ಪಕ್ಕದ ಸೀಟು. ಅಷ್ಟರಲ್ಲಿ ಇಷ್ಟು ಹೊತ್ತು ಸುಮ್ಮನಿದ್ದ ಅಮ್ಮ ಫೋನು ಇಸಿದುಕೊಳ್ಳುತ್ತಾರೆ. ಅವರಿಗೆ ಬೇಕಾದದ್ದು ಸಾಮಾನಿನ ಲೆಕ್ಕ. ಲುಫ್ತಾನ್ಸಾದ ಬಿಸಿನೆಸ್‌ನಲ್ಲಿ 32 ಕಿಲೋ ತೂಗುವ ಎರಡು ಪೆಟ್ಟಿಗೆ ಒಯ್ಯಬಹುದು. ಎಕಾನಮಿಯಲ್ಲಿ ಒಂದು ಪೆಟ್ಟಿಗೆಗೆ 23 ಕಿಲೋ. ಬಾಣಂತಿಯ ಖಾರದ ಪುಡಿ, ಒಣಶುಂಠಿ, ಅಂಟು, ಕೊಬ್ಬರಿ, ಕೂಸಿಗೆ ಹಳೆ ಸೀರೆಯ ಕೌದಿ ಎಲ್ಲಕ್ಕೂ ಜಾಗವಿದೆ. ಆದರೆ ಹೊರದೇಶದಿಂದ ಬರುವವರು ಹಾಲಿನ ಪದಾರ್ಥಗಳನ್ನು ಜೊತೆಯಲ್ಲಿ ತರಬಾರದೆಂಬುದು ಯುರೋಪಿನ ಒಕ್ಕೂಟದ ನಿಯಮ. ಮನೆಯಲ್ಲಿ ಕಾಯಿಸಿದ ತುಪ್ಪದ ಡಬ್ಬಿ, ತುಪ್ಪ ಹಾಕಿ ಕಟ್ಟಿದ ಅಂಟಿನುಂಡೆ ಊರಲ್ಲೇ ಉಳಿಯಬೇಕು. ಬೆಣ್ಣೆ ಅಲ್ಲಿನ ಅಂಗಡಿಯಲ್ಲಿ ಸಿಗುತ್ತದೆ; ತುಪ್ಪ ಕಾಯಿಸಿ ಉಂಡೆ ಕಟ್ಟುವ ಕೆಲಸವನ್ನು ಅಮ್ಮ ಮಗಳ ಅಡುಗೆಮನೆಯಲ್ಲೇ ಮಾಡಿಕೊಳ್ಳಬೇಕಾಗುತ್ತದೆ.