ಓಡೋ ಕುದುರೆಗೂ ಸುಧಾರಿಸಿಕೊಳ್ಳೋಕೆ ಟೈಮ್ ಬೇಕು

ಹೋದ ತಿಂಗಳು ವೀಕೆಂಡ್ ಕುದುರೆ ಸವಾರಿ ಕ್ಲಾಸಿಗೆ ಸೇರಿದೆ. ಮೊದಲ ಸಲ ಜೋರಾಗಿ ಓಡಿಸಿದ ದಿನ, ಖುಷಿಯಲ್ಲಿ ಇಳಿದವಳೇ ಲಗಾಮು ಕೊಟ್ಟು ಹೊರಡೋಕೆ ನೋಡಿದೆ. ಕುದುರೆ ನೋಡಿಕೊಳ್ಳೋ ಅಣ್ಣ ತಡೆದರು. "ಮೇಡಂ, ಹಂಗೇ ಕಟ್ಟಾಕಬಾರ್ದು. ಉಸಿರು ತಹಬಂದಿಗೆ ಬರೋ ತನಕ ನಡೆಸಿ." ಹದಿನೈದು ನಿಮಿಷ ಅದರ ಪಕ್ಕ ಸುಮ್ಮನೆ ನಡೆದೆ.

ಸಿನಿಮಾ ನೋಡಿ ಬೆಳೆದ ನನಗೆ ಕುದುರೆ ಅಂದ್ರೆ ದಣಿವೇ ಇಲ್ಲದ ಪ್ರಾಣಿ. ಅನುಮಾನ ಬಂದು ಓದುತ್ತಾ ಹೋದೆ. ಉತ್ತರ ಅಮೆರಿಕದ ಹುಲ್ಲುಗಾವಲಿನ ಮೂಲನಿವಾಸಿಗಳು ಕುದುರೆ ಮೇಲೆ ಬೈಸನ್ ಬೇಟೆ ಆಡುತ್ತಿದ್ದ ಕಥೆ ಸಿಕ್ಕಿತು.

ಬೈಸನ್ ನೋಡೋಕೆ ಮಂದ. ಆದರೆ ಓಡಿದರೆ ಗಂಟೆಗೆ 50 ಕಿ.ಮೀ. ದಾಟುತ್ತೆ. ಕುದುರೆ ಅದನ್ನು ಹಿಂದಿನಿಂದ ಹಿಡಿದು, ಪಕ್ಕದಲ್ಲೇ ಸಮಸಮಕ್ಕೆ ಓಡಬೇಕು. ಸವಾರನ ಎರಡೂ ಕೈ ಬಿಲ್ಲಿನ ಮೇಲಿರೋದರಿಂದ ಮೊಣಕಾಲಿನ ಸನ್ನೆಯಲ್ಲೇ ಅರ್ಥ ಮಾಡಿಕೊಳ್ಳಬೇಕು. ಗಾಯಗೊಂಡ ಬೈಸನ್ ಕೊಂಬು ತಿರುಗಿಸಿದರೆ ತಕ್ಷಣ ಸರಿಯಬೇಕು. ಅದಕ್ಕೇ ಬೇಟೆಗಾರರು ಒಂದು ಕುದುರೆಯನ್ನು ಈ ಕೆಲಸಕ್ಕೇ ಪಳಗಿಸಿ ಇಟ್ಟುಕೊಳ್ಳುತ್ತಿದ್ದರು. ಅದರ ಮೇಲೆ ಮೂಟೆ ಹೇರುತ್ತಿರಲಿಲ್ಲ. ಹಿಂಡಿನ ಹತ್ತಿರ ಹೋಗೋಕೂ ಬೇರೆ ಕುದುರೆ ಹತ್ತಿ, ಇದನ್ನು ಜೊತೆಗೆ ನಡೆಸಿಕೊಂಡು ಹೋಗುತ್ತಿದ್ದರು. ಓಟದ ಆ ಕೆಲವೇ ನಿಮಿಷಕ್ಕಾಗಿ ಅದರ ಕಸುವನ್ನು ಕಾಪಾಡುತ್ತಿದ್ದರು. ಅದು ಕೈಕೊಟ್ಟರೆ ಮನೆಮಂದಿಗೆ ಊಟವಿಲ್ಲ.

ಕುದುರೆಯ ಮೈಯೂ ಹಾಗೇ ಇದೆ. ಸುಮ್ಮನಿದ್ದಾಗ ಹೃದಯ ನಿಮಿಷಕ್ಕೆ 30–40 ಸಲ ಬಡಿಯುತ್ತೆ, ನಾಗಾಲೋಟದಲ್ಲಿ 200 ಮೀರುತ್ತೆ. ಗುಲ್ಮದಲ್ಲಿ ಕೂಡಿಟ್ಟ ಕೆಂಪು ರಕ್ತಕಣಗಳು ಓಡುವಾಗ ರಕ್ತಕ್ಕೆ ಸೇರಿ, ಹೆಚ್ಚು ಆಮ್ಲಜನಕ ಒಯ್ಯುತ್ತವೆ. ಆದರೂ ಆ ವೇಗ ಬಹಳ ಹೊತ್ತು ನಿಲ್ಲಲ್ಲ.

ಹಾಗಾದರೆ ಸ್ಟ್ಯಾಮಿನಾ ಅಂದ್ರೇನು? ಕ್ಯಾಲಿಫೋರ್ನಿಯಾದಲ್ಲಿ 1955ರಿಂದ ನಡೆಯುತ್ತಿರೋ ಟೆವಿಸ್ ಕಪ್‌ನಲ್ಲಿ ಕುದುರೆಗಳು 24 ಗಂಟೆಯೊಳಗೆ ಸುಮಾರು 160 ಕಿ.ಮೀ. ಬೆಟ್ಟದ ದಾರಿ ಮುಗಿಸಬೇಕು. ನಡುನಡುವೆ ಪಶುವೈದ್ಯರು ನಾಡಿ ನೋಡುತ್ತಾರೆ. ಎಷ್ಟು ಜೋರಾಗಿ ಬಂತು ಅನ್ನೋದು ಅವರ ಪ್ರಶ್ನೆ ಅಲ್ಲ, ಎಷ್ಟು ಬೇಗ ಸುಧಾರಿಸಿಕೊಂಡಿತು ಅನ್ನೋದು. ನಾಡಿ ಇಳಿಯದಿದ್ದರೆ ಎಷ್ಟೇ ಮುಂದಿದ್ದರೂ ಅಲ್ಲಿಗೇ ಓಟ ಮುಗೀತು.

ಇದನ್ನು ಓದಿದಾಗ ನನಗೆ ಮಾರ್ಚ್ ನೆನಪಾಯ್ತು. ಮೂರು ವಾರ ನಿದ್ದೆಗೆಟ್ಟು ಪ್ರಾಜೆಕ್ಟ್ ಮುಗಿಸಿ, ಮಾರನೇ ಬೆಳಿಗ್ಗೆಯೇ ಮುಂದಿನದಕ್ಕೆ "ಓಕೆ" ಅಂದಿದ್ದೆ. ನಾಲ್ಕನೇ ದಿನ ಆಫೀಸಿನ ಪಾರ್ಕಿಂಗಲ್ಲಿ ಸ್ಕೂಟರ್ ಮೇಲೇ ಕೂತುಬಿಟ್ಟೆ. ಕೈ ನಡುಗುತ್ತಿತ್ತು, ಇಳಿಯೋಕೇ ಆಗಲಿಲ್ಲ. ಫೋನಲ್ಲಿ ಅಮ್ಮ, "ಯಾಕೆ ಮಗಳೇ, ಯಾರು ಅಟ್ಟಿಸಿಕೊಂಡು ಬರ್ತಿದ್ದಾರೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ದೊಡ್ಡ ಕೆಲಸ ಮುಗಿದ ಮೇಲೆ ಎರಡು ದಿನ ಹೊಸದಕ್ಕೆ ಕೈ ಹಾಕಲ್ಲ. ಮ್ಯಾನೇಜರ್ ಮುಖ ಸಣ್ಣ ಮಾಡಿದ್ದೂ ಉಂಟು. ಆದರೂ ಭಾನುವಾರ ಆ ಕುದುರೆ ಪಕ್ಕ ನಡೆಯುವಾಗ, ಉಸಿರು ತಹಬಂದಿಗೆ ಬರಬೇಕಾದದ್ದು ಅದಕ್ಕೊಂದಕ್ಕೇ ಅಲ್ಲ ಅನ್ನಿಸುತ್ತೆ.

ನೀವು ಕೊನೇ ಸಲ ಓಡಿ ಬಂದ ಮೇಲೆ ಎಷ್ಟು ಹೊತ್ತು ನಡೆದಿರಿ?