ಕಣ್ಣಿನ ಹನಿಯೂ ನೋವಿನ ಗುಳಿಗೆಯೂ

ನಮಗೆ ಗ್ಲಾಕೋಮಾ ಇದೆಯೆಂದು ತಿಳಿದು ಆರು ವರ್ಷಗಳಾದವು. ಅಂದಿನಿಂದ ಕಣ್ಣಿಗೆ ಹನಿ ಹಾಕಿಕೊಳ್ಳುವುದು ನಮ್ಮ ನಿತ್ಯನೇಮ. ಬಾಲ್ಯದಲ್ಲಿ ಮಠದ ಪಾಠಶಾಲೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಓದಿದ ಮೊಣಕಾಲುಗಳು ಈಗ ನೋಯುತ್ತವೆ. ಕಳೆದ ವರ್ಷ ಪರಿಚಿತರೊಬ್ಬರು ಹೆಸರಿಲ್ಲದ ಪೊಟ್ಟಣದಲ್ಲಿ ಕೆಲವು ಗುಳಿಗೆಗಳನ್ನು ತಂದಿತ್ತು, "ಮೂರೇ ದಿನದಲ್ಲಿ ಓಡಾಡುವಿರಿ" ಎಂದರು. ನೋವು ನಿಜವಾಗಿಯೂ ಹೋಯಿತು. ಎರಡು ತಿಂಗಳು ಸಂತೋಷದಿಂದ ನುಂಗಿದೆವು.

ಮುಂದಿನ ತಪಾಸಣೆಯಲ್ಲಿ 16ರಷ್ಟಿದ್ದ ಕಣ್ಣಿನ ಒತ್ತಡ 27ಕ್ಕೆ ಏರಿತ್ತು. ಸಾಮಾನ್ಯವಾಗಿ ಅದು 10ರಿಂದ 21ರೊಳಗೆ ಇರತಕ್ಕದ್ದು. "ಹನಿ ತಪ್ಪಿಸಿದಿರಾ?" ಎಂದು ವೈದ್ಯರು ಕೇಳಿದರು. ತಪ್ಪಿಸಿರಲಿಲ್ಲ. "ಬೇರೇನು ಸೇವಿಸುತ್ತಿರುವಿರಿ?" ಎಂದಾಗ ಪೊಟ್ಟಣದ ಸಂಗತಿ ಹೊರಬಿದ್ದಿತು. ಅಂತಹ ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟೆಂದೂ, ಅದು ಕಣ್ಣಿನ ಒತ್ತಡವನ್ನು ಏರಿಸಬಲ್ಲುದೆಂದೂ ಅವರು ತಿಳಿಸಿದರು. ಸ್ಟೀರಾಯ್ಡನ್ನು ಬಹುದಿನ ಸೇವಿಸಿ ಥಟ್ಟನೆ ನಿಲ್ಲಿಸುವುದೂ ಅಪಾಯ. ಆದುದರಿಂದ ತಮ್ಮ ನಿಗಾದಲ್ಲಿಯೇ ಬಿಡಿಸಿದರು. ಒತ್ತಡವೇನೋ ಇಳಿಯಿತು. ಆದರೆ ಗ್ಲಾಕೋಮಾದಲ್ಲಿ ದೃಷ್ಟಿನರಕ್ಕೆ ಒಮ್ಮೆ ಆದ ಹಾನಿ ಮರಳಿ ಸರಿಹೋಗದು. ಉಳಿದ ದೃಷ್ಟಿಯನ್ನು ಕಾಯುವುದಷ್ಟೇ ಚಿಕಿತ್ಸೆಯ ಗುರಿ.

ಹನಿಯೂ ಒಂದು ಔಷಧವೆಂಬುದನ್ನು ನಾವು ಮರೆಯುತ್ತೇವೆ. ಅದು ಕಣ್ಣಿನಿಂದ ಮೂಗಿಗಿಳಿದು ರಕ್ತವನ್ನೂ ಸೇರುತ್ತದೆ. ಟಿಮೊಲಾಲ್ ಹನಿ ನಾಡಿಯನ್ನು ನಿಧಾನಗೊಳಿಸಬಲ್ಲುದು, ಉಬ್ಬಸದವರ ಶ್ವಾಸವನ್ನು ಕಟ್ಟಿಸಬಲ್ಲುದು. ಉಬ್ಬಸವಿರುವ ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೆನ್‌ಗಳೂ ಇದನ್ನೇ ಮಾಡುತ್ತವೆ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಬದಿಯ ಕಣ್ಣಿನ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಮೆಲ್ಲನೆ ಒತ್ತಿ ಹಿಡಿದರೆ ಔಷಧವು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ.

ಹಾಗಾದರೆ ನೋವಿಗೆ ಏನನ್ನು ತೆಗೆದುಕೊಳ್ಳಬೇಕು? ಸಾಮಾನ್ಯ ನೋವಿಗೆ ಪ್ಯಾರಾಸಿಟಮಾಲ್ ಆಗಬಹುದು. ಅದು ಹನಿಗಳ ಕೆಲಸಕ್ಕೆ ಅಡ್ಡಬಾರದು. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇರೆ; ಕೃಶರಾದವರಿಗೆ, ಯಕೃತ್ತಿನ ತೊಂದರೆಯವರಿಗೆ ಅದಕ್ಕಿಂತ ಕಡಿಮೆ. ನೆಗಡಿಯ ಗುಳಿಗೆಗಳಲ್ಲಿಯೂ ಪ್ಯಾರಾಸಿಟಮಾಲ್ ಇರುವುದರಿಂದ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ಸಾಮಾನ್ಯವಾಗಿ ಕಣ್ಣಿನ ಒತ್ತಡವನ್ನು ಏರಿಸುವುದಿಲ್ಲ. ಆದರೆ ಜಠರ, ಮೂತ್ರಪಿಂಡ, ರಕ್ತದೊತ್ತಡಗಳಿಗೆ ತೊಂದರೆ ಕೊಡಬಲ್ಲವು. ಆದುದರಿಂದ ಹಿರಿಯರು ಅವನ್ನು ವೈದ್ಯರನ್ನು ಕೇಳದೆ ದಿನಗಟ್ಟಲೆ ನುಂಗಬಾರದು.

ಎರಡು ಎಚ್ಚರಿಕೆಗಳು ಮುಖ್ಯ. ಒತ್ತಡ ಇಳಿಸಲು ಅಸಿಟಾಜೋಲಮೈಡ್ ಗುಳಿಗೆ ಸೇವಿಸುವವರು ನೋವಿಗೆಂದು ಆಸ್ಪಿರಿನ್ ತೆಗೆದುಕೊಳ್ಳಬಾರದು. ಎರಡೂ ಕೂಡಿ ದೇಹದಲ್ಲಿ ವಿಷವಾಗಬಲ್ಲವು. ಹೃದಯಕ್ಕೆಂದು ಕೊಟ್ಟಿರುವ ಅಲ್ಪ ಪ್ರಮಾಣದ ಆಸ್ಪಿರಿನ್ ಇದ್ದರೆ ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸತಕ್ಕದ್ದು. ಇನ್ನು, ಕಣ್ಣಿನೊಳಗಿನ ದ್ರವ ಹೊರಹರಿಯುವ ಕೋನ ಕಿರಿದಾಗಿರುವವರು ಹೊಟ್ಟೆನುಲಿತದ ಡೈಸೈಕ್ಲೊಮಿನ್, ನರದ ನೋವಿನ ಅಮಿಟ್ರಿಪ್ಟಿಲಿನ್ ಮತ್ತು ನೆಗಡಿಯ ಅನೇಕ ಗುಳಿಗೆಗಳನ್ನು ನೇತ್ರವೈದ್ಯರ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ಅವು ಆ ಕೋನವನ್ನು ಪೂರ್ಣ ಮುಚ್ಚಿಬಿಡಬಲ್ಲವು. ನಿಮ್ಮ ಕೋನ ಕಿರಿದೋ ತೆರೆದದ್ದೋ ಎಂಬುದನ್ನು ಮುಂದಿನ ಭೇಟಿಯಲ್ಲಿ ಕೇಳಿಕೊಳ್ಳಿರಿ.

ಕೋನ ಹಠಾತ್ತನೆ ಮುಚ್ಚಿದಾಗ ಕಣ್ಣು ಕೆಂಪಾಗಿ ಸಿಡಿಯುತ್ತದೆ, ತಲೆ ಒಡೆಯುವಂತಾಗುತ್ತದೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ, ನೋಟ ಮಸುಕಾಗುತ್ತದೆ, ವಾಂತಿಯಾಗುತ್ತದೆ. ನಮ್ಮ ಮನೆಗಳಲ್ಲಿ ತಲೆನೋವೂ ವಾಂತಿಯೂ ಕೂಡಿ ಬಂದರೆ 'ಪಿತ್ತವಾಗಿದೆ' ಎನ್ನುವುದು ವಾಡಿಕೆ. ನಿಂಬೆಯ ಪಾನಕ ಕುಡಿಸಿ, ಒಂದು ಗುಳಿಗೆ ನುಂಗಿಸಿ, ಬೆಳಗಾಗಲೆಂದು ಮಲಗಿಸುತ್ತೇವೆ. ಆ ಒಂದು ರಾತ್ರಿಯೊಳಗೆ ಕಣ್ಣು ಹೋಗಬಹುದು. ಇಂತಹ ನೋವನ್ನು ಗುಳಿಗೆಯಿಂದ ಅಡಗಿಸದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು.

ನಾವೀಗ ನಮ್ಮ ಹನಿಗಳ ಹೆಸರನ್ನು ಚೀಟಿಯಲ್ಲಿ ಬರೆದು ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇವೆ. ಹಲ್ಲಿನ ವೈದ್ಯರಿಗೂ ಔಷಧದ ಅಂಗಡಿಯವರಿಗೂ ಮೊದಲು ತೋರಿಸುವುದು ಅದನ್ನೇ. ನಿಮ್ಮ ಮನೆಯಲ್ಲಿ ಕಣ್ಣಿಗೆ ಹನಿ ಹಾಕಿಕೊಳ್ಳುವ ಹಿರಿಯರಿದ್ದರೆ ಅಂತಹ ಚೀಟಿಯೊಂದನ್ನು ಇಂದೇ ಬರೆದುಕೊಡಿರಿ.